ಜೀರ್ಣಾಂಗ ಹಾಗೂ ಯಕೃತ್ತಿನ ರೋಗಗಳಲ್ಲಿ ಡಾಕ್ಟರೇಟ್ ನಂತರದ ಸಂಶೋಧನಾ ತರಬೇತಿ: ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಜಠರ, ಕರುಳು, ಪಿತ್ತಕೋಶ, ಮೇದೋಜೀರಕ ಗ್ರಂಥಿ ಹಾಗೂ ಯಕೃತ್ತಿಗೆ ಸಂಬಂಧಿಸಿದ ರೋಗಗಳಲ್ಲಿ ಎಂ.ಡಿ., ಎಂ.ಎಸ್. ಅಥವಾ ಪಿಎಚ್.ಡಿ. ಪದವಿಯ ನಂತರ ಪಡೆಯುವ ತರಬೇತಿಯನ್ನು ‘ಪೋಸ್ಟ್ ಡಾಕ್ಟರಲ್’ ಅಥವಾ ಡಾಕ್ಟರೇಟ್ ನಂತರದ ತರಬೇತಿ ಎಂದು ಕರೆಯಲಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಿಂದ ಇಂತಹ ತರಬೇತಿಗೆ ಅರ್ಜಿ ಸಲ್ಲಿಸಬಯಸುವವರಿಗೆ ಅರ್ಹತೆ, ಸಂಸ್ಥೆಯ ಆಯ್ಕೆ, ವಯೋಮಿತಿ, ದಾಖಲೆಗಳು ಹಾಗೂ ಶಿಷ್ಯವೇತನದ ಬಗ್ಗೆ ಉಂಟಾಗುವ ಸಂದೇಹಗಳನ್ನು ಪರಿಹರಿಸುವ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ. ಅರ್ಜಿದಾರರು ಯಾವುದೇ ಅರ್ಜಿಯನ್ನು ಭರ್ತಿ ಮಾಡುವ ಮುನ್ನ ಇದನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ. ಇಲ್ಲಿ ಒಂದು ತಪ್ಪು ಆಯ್ಕೆಗೆ ತೆರಬೇಕಾದ ಬೆಲೆ ಅರ್ಜಿ ಶುಲ್ಕವಲ್ಲ, ವಯಸ್ಸು.

ಒಂದೇ ಹೆಸರು, ಎರಡು ದಾರಿ

ನಮ್ಮ ದೇಶದಲ್ಲಿ ಎಂ.ಡಿ. ಮತ್ತು ಎಂ.ಎಸ್. ಪದವಿಗಳನ್ನು ಡಾಕ್ಟರೇಟ್ ಮಟ್ಟದ ಪದವಿಗಳಂತೆ ಎಣಿಸುವ ರೂಢಿ ಇರುವುದರಿಂದ, ಅವುಗಳ ನಂತರದ ಡಿ.ಎಂ. ಮತ್ತು ಎಂ.ಸಿಎಚ್. ಕೋರ್ಸುಗಳಿಗೂ ಅನೇಕ ವೈದ್ಯಕೀಯ ಕಾಲೇಜುಗಳು ‘ಪೋಸ್ಟ್ ಡಾಕ್ಟರಲ್’ ಎಂಬ ಹೆಸರನ್ನೇ ಬಳಸುತ್ತವೆ. ವಿಜ್ಞಾನ ವಿಷಯಗಳಲ್ಲಿ ಪಿಎಚ್.ಡಿ. ಮುಗಿಸಿದವರು ಹಿರಿಯ ವಿಜ್ಞಾನಿಯೊಬ್ಬರ ಮಾರ್ಗದರ್ಶನದಲ್ಲಿ ಎರಡು ಮೂರು ವರ್ಷ ನಡೆಸುವ ಸಂಶೋಧನೆಗೂ ಇದೇ ಹೆಸರಿದೆ. ಹೆಸರು ಒಂದೇ ಆದರೂ ಇವೆರಡರ ಪ್ರವೇಶ, ಕೆಲಸ ಹಾಗೂ ಕೊನೆಗೆ ದೊರೆಯುವ ಪ್ರಮಾಣಪತ್ರ ಸಂಪೂರ್ಣವಾಗಿ ಬೇರೆ.

ಮೊದಲನೆಯದು ಚಿಕಿತ್ಸಾ ತಜ್ಞತೆಯ ದಾರಿ. ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಪಡೆದವರು ಮೂರು ವರ್ಷಗಳ ಡಿ.ಎಂ. ಮೆಡಿಕಲ್ ಗ್ಯಾಸ್ಟ್ರೋಎಂಟರಾಲಜಿಗೆ, ಜನರಲ್ ಸರ್ಜರಿಯಲ್ಲಿ ಎಂ.ಎಸ್. ಪಡೆದವರು ಮೂರು ವರ್ಷಗಳ ಎಂ.ಸಿಎಚ್. ಸರ್ಜಿಕಲ್ ಗ್ಯಾಸ್ಟ್ರೋಎಂಟರಾಲಜಿಗೆ ಸೇರುತ್ತಾರೆ. 2017ರಿಂದ ಈ ಪ್ರವೇಶವು ನೀಟ್ ಸೂಪರ್ ಸ್ಪೆಷಾಲಿಟಿ ಪರೀಕ್ಷೆಯ ಮೂಲಕ ನಡೆಯುತ್ತಿದೆ. ಪರೀಕ್ಷೆಯನ್ನು ರಾಷ್ಟ್ರೀಯ ವೈದ್ಯಕೀಯ ವಿಜ್ಞಾನಗಳ ಪರೀಕ್ಷಾ ಮಂಡಳಿಯು ನಡೆಸುತ್ತದೆ. ಸೀಟು ಹಂಚಿಕೆಯನ್ನು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ ಮಾಡುತ್ತದೆ. ಸೂಪರ್ ಸ್ಪೆಷಾಲಿಟಿ ಹಂತದಲ್ಲಿ ಸ್ಥಳೀಯ ನಿವಾಸಿ ಎಂಬ ಕಾರಣಕ್ಕೆ ಯಾವ ಆದ್ಯತೆಯೂ ಇರುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮತ್ತು ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜುಗಳಲ್ಲಿ ಡಿ.ಎಂ. ಗ್ಯಾಸ್ಟ್ರೋಎಂಟರಾಲಜಿ ಕೋರ್ಸು ಇದೆ. ರಾಜ್ಯ ಸರ್ಕಾರದ ಜಠರ-ಕರುಳು ವಿಜ್ಞಾನಗಳ ಹಾಗೂ ಅಂಗಾಂಗ ಕಸಿ ಸಂಸ್ಥೆಯು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದೆ. ಈ ದಾರಿಯಲ್ಲಿ ಹೋದವರು ಎಂಡೋಸ್ಕೋಪಿ ಮಾಡುವ, ಯಕೃತ್ತಿನ ರೋಗಿಗಳನ್ನು ನೋಡಿಕೊಳ್ಳುವ ತಜ್ಞ ವೈದ್ಯರಾಗುತ್ತಾರೆ. ಸರ್ಕಾರಿ ಸೀಟು ಪಡೆದವರು ಕರ್ನಾಟಕದ 2012ರ ಕಡ್ಡಾಯ ಸೇವಾ ತರಬೇತಿ ಕಾಯ್ದೆ ಹಾಗೂ ಅದರ ತಿದ್ದುಪಡಿಗಳ ಷರತ್ತುಗಳನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಓದಿಕೊಳ್ಳತಕ್ಕದ್ದು.

ಎರಡನೆಯದು ಸಂಶೋಧನೆಯ ದಾರಿ. ಇದಕ್ಕೆ ಎಂ.ಬಿ.ಬಿ.ಎಸ್. ಪದವಿಯೇ ಬೇಕೆಂಬ ನಿಯಮವಿಲ್ಲ. ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನ, ಔಷಧ ವಿಜ್ಞಾನ, ಅಷ್ಟೇ ಏಕೆ, ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದವರೂ ಯಕೃತ್ತಿನ ರೋಗಗಳ ಸಂಶೋಧನೆಗೆ ಬರಬಹುದು. ಎಂ.ಡಿ., ಎಂ.ಎಸ್. ಪದವೀಧರರಿಗೂ ಅವಕಾಶವಿದೆ. ಆದರೆ ಈ ತರಬೇತಿಯ ಕೊನೆಗೆ ರೋಗಿಗೆ ಚಿಕಿತ್ಸೆ ನೀಡುವ ಯಾವ ಹೊಸ ಅಧಿಕಾರವೂ ದೊರೆಯುವುದಿಲ್ಲ. ವೈದ್ಯಕೀಯ ಪರಿಷತ್ತಿನಲ್ಲಿ ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸಲು ಇದು ಬರುವುದಿಲ್ಲ. ಇದು ಪದವಿಯಲ್ಲ, ಅನುಭವ.

ಈ ವ್ಯತ್ಯಾಸವನ್ನು ತಿಳಿಯದೆ ಎರಡೂ ಕಡೆ ಒಂದೇ ಬಗೆಯ ಅರ್ಜಿ ಹಾಕುವವರು ಎರಡೂ ಕಡೆ ತಿರಸ್ಕೃತರಾಗುತ್ತಾರೆ. ಡಿ.ಎಂ. ಸೀಟಿಗಾಗಿ ಎರಡು ಮೂರು ವರ್ಷ ಪ್ರಯತ್ನಿಸಿ, ಅದು ದೊರೆಯದೆ ಹೋದಾಗ ಸಂಶೋಧನಾ ಫೆಲೋಶಿಪ್‌ನ ಕಡೆ ತಿರುಗುವವರೂ ಇದ್ದಾರೆ. ಅಷ್ಟರಲ್ಲಿ ಫೆಲೋಶಿಪ್‌ನ ವಯೋಮಿತಿ ಹತ್ತಿರವಾಗಿರುತ್ತದೆ. ಆದುದರಿಂದ ಯಾವ ದಾರಿ ಎಂಬುದನ್ನು ಎಂ.ಡಿ. ಅಥವಾ ಪಿಎಚ್.ಡಿ.ಯ ಕೊನೆಯ ವರ್ಷದಲ್ಲಿಯೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಸಂಶೋಧನಾ ತರಬೇತಿಯಲ್ಲಿ ಕಲಿಯುವುದೇನು

ಎರಡನೆಯ ದಾರಿಯ ಬಗ್ಗೆ ಮನೆಯವರು ಕೇಳುವ ಮೊದಲ ಪ್ರಶ್ನೆ, ಇಷ್ಟು ಓದಿದ ಮೇಲೆ ಮತ್ತೆ ಕಲಿಯುವುದೇನಿದೆ ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ನಮ್ಮ ದೇಶದಲ್ಲಿ ನಡೆದ ಎರಡು ಪ್ರಸಂಗಗಳಿಂದ ತಿಳಿಯಬಹುದು.

1955ರ ಡಿಸೆಂಬರ್‌ನಿಂದ 1956ರ ಜನವರಿಯವರೆಗೆ ದೆಹಲಿಯಲ್ಲಿ ಸುಮಾರು 29,000 ಜನರಿಗೆ ಕಾಮಾಲೆ ತಗುಲಿತು. ಯಮುನಾ ನದಿಯಲ್ಲಿ ನಗರಕ್ಕೆ ನೀರೆತ್ತುವ ಸ್ಥಳಕ್ಕೆ ಚರಂಡಿ ನೀರು ಸೇರಿದ್ದೇ ಕಾರಣವೆಂದು ತಿಳಿಯಿತು. ಆದರೆ ಯಾವ ವೈರಾಣು ಎಂಬುದು ತಿಳಿಯಲಿಲ್ಲ. ನೀರಿನಿಂದ ಹರಡುವ ಹೆಪಟೈಟಿಸ್ ಎ ಇರಬೇಕೆಂದು ದೀರ್ಘಕಾಲ ಭಾವಿಸಲಾಗಿತ್ತು. ಆಗಿನ ರೋಗಿಗಳ ರಕ್ತದ ಮಾದರಿಗಳನ್ನು ಹೆಸರು, ದಿನಾಂಕಗಳೊಂದಿಗೆ ಜೋಪಾನವಾಗಿ ಇಡಲಾಗಿತ್ತು. ಹೆಪಟೈಟಿಸ್ ಎ ಪತ್ತೆಯ ಪರೀಕ್ಷೆ ಬಂದ ನಂತರ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಹಾಗೂ ಅಮೆರಿಕದ ವಿಜ್ಞಾನಿಗಳು ಆ ಹಳೆಯ ಮಾದರಿಗಳನ್ನು ಪರೀಕ್ಷಿಸಿ, ಅದು ಎ ಅಲ್ಲ, ಬಿ ಕೂಡ ಅಲ್ಲ ಎಂದು 1980ರಲ್ಲಿ ಪ್ರಕಟಿಸಿದರು. ಅದೇ ವರ್ಷ ಡಾ. ಮೊಹಮ್ಮದ್ ಸುಲ್ತಾನ್ ಖುರೂ ಅವರು ಕಾಶ್ಮೀರ ಕಣಿವೆಯ 1978ರ ಸಾಂಕ್ರಾಮಿಕವನ್ನು ಅಧ್ಯಯನ ಮಾಡಿ ಅಂತಹುದೇ ನಿರ್ಣಯಕ್ಕೆ ಬಂದರು. ಈ ಕಾಮಾಲೆಯು ಗರ್ಭಿಣಿಯರಲ್ಲಿ ಹೆಚ್ಚು ಸಾವಿಗೆ ಕಾರಣವಾಗುವುದನ್ನೂ ಅವರು ಗುರುತಿಸಿದರು. ಇಂದು ಹೆಪಟೈಟಿಸ್ ಇ ಎಂದು ಕರೆಯಲಾಗುವ ರೋಗ ಇದೇ. ಸುಮಾರು ಇಪ್ಪತ್ತನಾಲ್ಕು ವರ್ಷ ಹಳೆಯ ಸೀಸೆಯ ಮೇಲಿನ ಚೀಟಿ ಸರಿಯಾಗಿದ್ದುದರಿಂದ ಒಂದು ಹೊಸ ರೋಗಕ್ಕೆ ದಾರಿ ಸಿಕ್ಕಿತು. ದಾಖಲೆ ಇಡುವುದನ್ನು ಗುಮಾಸ್ತರ ಕೆಲಸವೆಂದು ಭಾವಿಸುವ ಯುವ ಸಂಶೋಧಕರು ಇದನ್ನು ಗಮನಿಸಬೇಕು.

ಈ ವಿಷಯ ನಾಲ್ಕು ತಾಲ್ಲೂಕುಗಳಿಗೆ ದೂರದ್ದಲ್ಲ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ದಂಡೆಯ ಊರುಗಳು 2019ರ ಆಗಸ್ಟ್‌ನ ಪ್ರವಾಹವನ್ನು ಕಂಡಿವೆ. ನೆರೆ ಇಳಿದ ಮೇಲೆ ಬಾವಿ, ಕೊಳವೆಬಾವಿ ಹಾಗೂ ಪೈಪುಗಳ ನೀರು ಕೆಡುವ ಸಂಭವ ಹೆಚ್ಚು. ಅಂತಹ ಸಮಯದಲ್ಲಿ ಒಂದು ಊರಿನಲ್ಲಿ ಕಾಣಿಸಿಕೊಂಡ ಕಾಮಾಲೆ ಎ ಅಥವಾ ಇ, ಯಾವ ಓಣಿಯಿಂದ ಆರಂಭವಾಯಿತು, ಗರ್ಭಿಣಿಯರು ಎಷ್ಟು ಜನ ಎಂಬುದನ್ನು ಕ್ರಮವಾಗಿ ಕೇಳಿ ಬರೆದುಕೊಳ್ಳಬಲ್ಲವರು ಆ ಭಾಗವನ್ನು ಬಲ್ಲವರಾಗಿದ್ದರೆ ಕೆಲಸ ಬೇಗ ಆಗುತ್ತದೆ.

ಎರಡನೆಯ ಪ್ರಸಂಗವು ನೆಲನೆಲ್ಲಿಗೆ ಸಂಬಂಧಿಸಿದುದು. ಕಾಮಾಲೆಗೆ ನೆಲನೆಲ್ಲಿಯ ರಸ ಕುಡಿಯುವುದು ನಮ್ಮ ಕಡೆಯ ಹಳೆಯ ರೂಢಿ. ಆಸ್ಪತ್ರೆಗೆ ಬರುವ ಮೊದಲು ನಾಟಿ ಔಷಧ ಪಡೆದು ಬರುವವರು ಇಂದಿಗೂ ಇದ್ದಾರೆ. 1988ರಲ್ಲಿ ಚೆನ್ನೈನ ಡಾ. ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ಸೋಂಕನ್ನು ದೇಹದಲ್ಲಿ ಹೊತ್ತವರಿಗೆ ನೆಲನೆಲ್ಲಿಯ ಪುಡಿ ನೀಡಿದ ಪ್ರಯೋಗವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಾಣುವಿನ ಸಂಶೋಧನೆಗಾಗಿ 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲೂಂಬರ್ಗ್ ಅವರೂ ಆ ಲೇಖಕರಲ್ಲಿ ಒಬ್ಬರು. ಔಷಧ ಪಡೆದ 37 ಜನರಲ್ಲಿ 22 ಜನರ ರಕ್ತದಿಂದ ವೈರಾಣುವಿನ ಗುರುತು ಮರೆಯಾಯಿತು. ಔಷಧವಿಲ್ಲದ ಪುಡಿ ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಇದು ದೊಡ್ಡ ಸುದ್ದಿಯಾಯಿತು. ಆದರೆ ಮುಂದೆ ಬೇರೆ ದೇಶಗಳಲ್ಲಿ ನಡೆದ ಪ್ರಯೋಗಗಳಲ್ಲಿ ಆ ಫಲಿತಾಂಶ ಮರಳಿ ಬರಲಿಲ್ಲ.

ಇದರಿಂದ ನೆಲನೆಲ್ಲಿ ನಿರುಪಯೋಗಿ ಎಂದಾಗಲಿ, ಹಳೆಯವರು ಹೇಳಿದ್ದು ಸುಳ್ಳು ಎಂದಾಗಲಿ ತೀರ್ಮಾನಿಸುವಂತಿಲ್ಲ. ಹೆಪಟೈಟಿಸ್ ಎ ಮತ್ತು ಇ ಕಾಮಾಲೆಗಳು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ಆ ಅವಧಿಯಲ್ಲಿ ಯಾವ ರಸ ಕುಡಿದಿದ್ದರೂ ಗುಣವಾದ ಕೀರ್ತಿ ಅದಕ್ಕೇ ಸಲ್ಲುತ್ತದೆ. ಹೋಲಿಕೆಗೆ ಇನ್ನೊಂದು ಗುಂಪು ಏಕೆ ಬೇಕು, ಒಮ್ಮೆ ಬಂದ ಫಲಿತಾಂಶವನ್ನು ಮತ್ತೆ ಏಕೆ ಪರೀಕ್ಷಿಸಬೇಕು, ಸಣ್ಣ ಸಂಖ್ಯೆಯಿಂದ ದೊಡ್ಡ ಮಾತು ಏಕೆ ಹೇಳಬಾರದು ಎಂಬುದನ್ನು ಪುಸ್ತಕದಲ್ಲಿ ಓದಬಹುದು. ಆದರೆ ಸ್ವತಃ ಒಂದು ಅಧ್ಯಯನವನ್ನು ಯೋಜಿಸಿ, ಹಣ ಕೋರಿ, ನಡೆಸಿ, ತಾನು ಬಯಸಿದ ಉತ್ತರ ಬಾರದಿದ್ದರೂ ಬಂದದ್ದನ್ನೇ ಬರೆಯುವ ಅಭ್ಯಾಸವು ಈ ಎರಡು ಮೂರು ವರ್ಷಗಳಲ್ಲಿಯೇ ಆಗುವುದು.

ಇದರೊಂದಿಗೆ ಭಾಷೆಯ ವಿಷಯವೂ ಇದೆ. ಮನುಷ್ಯರ ಮೇಲೆ ನಡೆಸುವ ಯಾವುದೇ ಅಧ್ಯಯನಕ್ಕೆ ಸಾಂಸ್ಥಿಕ ನೀತಿ ಸಮಿತಿಯ ಅನುಮತಿ ಬೇಕು. ಅಂತಹ ಸಮಿತಿಗಳ ನೋಂದಣಿಯನ್ನು 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ವಿಧಿಸಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆ ಪತ್ರವು ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವರಿದ್ದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರ ಎದುರು ಅದನ್ನು ಓದಿ ಹೇಳಬೇಕು. ಪಠ್ಯಪುಸ್ತಕದ ಕನ್ನಡದಲ್ಲಿ ‘ಯಕೃತ್ತಿನ ಉರಿಯೂತ’ ಎಂದು ಬರೆದ ಪತ್ರವು ಬನಹಟ್ಟಿಯ ನೇಕಾರರಿಗಾಗಲಿ, ಮುಧೋಳದ ಕಬ್ಬು ಕಡಿಯುವ ಕೂಲಿಕಾರರಿಗಾಗಲಿ ತಿಳಿಯುವುದಿಲ್ಲ. ಅಲ್ಲಿ ಅದು ‘ಲಿವರ್ ಬಾತೇತಿ’ ಅಥವಾ ‘ಕಾಮಣಿ ಆಗೇತಿ’. ‘ಹೊಟ್ಟಿಬ್ಯಾನಿ’ ಎಂಬ ಒಂದೇ ಮಾತು ಜಠರದಿಂದ ಗರ್ಭಕೋಶದವರೆಗಿನ ಎಲ್ಲ ನೋವಿಗೂ ಸಲ್ಲುತ್ತದೆ. ಮರುಪ್ರಶ್ನೆ ಕೇಳದೆ ಅದನ್ನು ನಮೂನೆಯಲ್ಲಿ ಬರೆದುಕೊಂಡರೆ ಅಧ್ಯಯನವೇ ಕೆಡುತ್ತದೆ. ಗಡಿಯ ಹಳ್ಳಿಗಳಲ್ಲಿ ಮರಾಠಿಯೂ ಬೇಕಾಗಬಹುದು. ಈ ಭಾಗದ ಅರ್ಜಿದಾರರು ತಮ್ಮ ಭಾಷಾಜ್ಞಾನವನ್ನು ಅರ್ಜಿಯಲ್ಲಿ ಅಲಂಕಾರವಾಗಿ ಅಲ್ಲ, ಅರ್ಹತೆಯಾಗಿಯೇ ನಮೂದಿಸಬೇಕು.

ಕುಡಿತದಿಂದ ಬರುವ ಯಕೃತ್ತಿನ ರೋಗ, ಕುಡಿಯದವರಲ್ಲಿಯೂ ಕಾಣುವ ಕೊಬ್ಬಿನ ಯಕೃತ್ತು, ಹೆಪಟೈಟಿಸ್ ಬಿ ಮತ್ತು ಸಿ ಇವೆಲ್ಲವೂ ಸಂಶೋಧನೆಯ ವಿಷಯಗಳು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಸೋಂಕುಗಳ ಪರೀಕ್ಷೆ ಹಾಗೂ ಔಷಧ ಉಚಿತ. 2021ರಲ್ಲಿ ಕೊಬ್ಬಿನ ಯಕೃತ್ತನ್ನೂ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ತರಲಾಯಿತು.

ತರಬೇತಿ ನೀಡುವ ಸಂಸ್ಥೆಗಳು ಮತ್ತು ಯೋಜನೆಗಳು

ಸಂಶೋಧನಾ ತರಬೇತಿಯಲ್ಲಿ ಮೊದಲು ಹುಡುಕಬೇಕಾದುದು ಯೋಜನೆಯನ್ನಲ್ಲ, ಮಾರ್ಗದರ್ಶಕರನ್ನು. ಬಹುತೇಕ ಎಲ್ಲ ಫೆಲೋಶಿಪ್‌ಗಳಲ್ಲಿಯೂ ಆತಿಥೇಯ ಸಂಸ್ಥೆಯ ಒಬ್ಬ ವಿಜ್ಞಾನಿಯು ಅರ್ಜಿದಾರರನ್ನು ತಮ್ಮಲ್ಲಿ ಸೇರಿಸಿಕೊಳ್ಳಲು ಒಪ್ಪಿರಬೇಕು. ಸಂಸ್ಥೆಯ ಒಪ್ಪಿಗೆ ಪತ್ರ ಪಡೆಯಲು ಕೆಲವು ವಾರಗಳಾದರೂ ಹಿಡಿಯುತ್ತವೆ. ಅಧಿಸೂಚನೆ ಬಂದ ಮೇಲೆ ಪತ್ರವ್ಯವಹಾರ ಆರಂಭಿಸಿದರೆ ಕೊನೆಯ ದಿನಾಂಕ ದಾಟುವುದು ನಿಶ್ಚಿತ. ಮಾರ್ಗದರ್ಶಕರಿಗೆ ಬರೆಯುವ ಪತ್ರ ಒಂದು ಪುಟದಲ್ಲಿರಲಿ. ಅವರ ಪ್ರಕಟಿತ ಲೇಖನಗಳಲ್ಲಿ ಎರಡನ್ನಾದರೂ ಓದಿ, ತಮ್ಮ ಪ್ರಶ್ನೆ ಏನೆಂಬುದನ್ನು ಸ್ಪಷ್ಟವಾಗಿ ಬರೆಯುವುದು ಉಚಿತ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳುಹಿಸುವುದರಿಂದ ಪ್ರಯೋಜನವಿಲ್ಲ.

ಈ ನಾಲ್ಕು ತಾಲ್ಲೂಕುಗಳಿಗೆ ಹತ್ತಿರದಲ್ಲಿರುವ ಕೇಂದ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ ಬೆಳಗಾವಿಯಲ್ಲಿದೆ. 2006ರಲ್ಲಿ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರವಾಗಿ ಆರಂಭವಾದ ಇದು ಈಗ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆ ಎಂಬ ಹೆಸರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ, ಅಂದರೆ ಐಸಿಎಂಆರ್‌ನ ಅಧೀನದಲ್ಲಿದೆ. ನಾಟಿ ಔಷಧಗಳನ್ನು ವಿಜ್ಞಾನದ ಕ್ರಮದಲ್ಲಿ ಪರೀಕ್ಷಿಸಬಯಸುವವರಿಗೆ ಇದು ಸಹಜವಾದ ಸ್ಥಳ. ವೈರಲ್ ಹೆಪಟೈಟಿಸ್‌ನಲ್ಲಿ ಆಸಕ್ತಿ ಇರುವವರಿಗೆ 1952ರಲ್ಲಿ ಸ್ಥಾಪಿತವಾದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಇದೆ; ಹೆಪಟೈಟಿಸ್ ಸಂಶೋಧನೆಯಲ್ಲಿ ಅದರ ಅನುಭವ ದಶಕಗಳಷ್ಟು ಹಳೆಯದು. ಕರುಳಿನ ಸೋಂಕುಗಳಿಗೆ ಕೋಲ್ಕತ್ತದಲ್ಲಿ 1962ರಲ್ಲಿ ಕಾಲರಾ ಸಂಶೋಧನಾ ಕೇಂದ್ರವಾಗಿ ಆರಂಭವಾದ ಐಸಿಎಂಆರ್ ಸಂಸ್ಥೆಯೂ, ಯಕೃತ್ತಿನ ರೋಗಗಳಿಗೆ ದೆಹಲಿ ಸರ್ಕಾರದ ಯಕೃತ್ತು ಮತ್ತು ಪಿತ್ತ ವಿಜ್ಞಾನಗಳ ಸಂಸ್ಥೆಯೂ ಪ್ರಸಿದ್ಧ. ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆಗಳಿವೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ದಕ್ಷಿಣ ಭಾರತದ ಹಳ್ಳಿಗಳ ಕರುಳಿನ ರೋಗಗಳನ್ನು 1960ರ ದಶಕದಿಂದಲೇ ಅಧ್ಯಯನ ಮಾಡಿದ ಸಂಸ್ಥೆ.

ಹಣ ನೀಡುವ ಯೋಜನೆಗಳು ಹಲವು. ಐಸಿಎಂಆರ್‌ನ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಪರಿಷತ್ತಿನ ಸ್ವಂತ ಸಂಸ್ಥೆಗಳಲ್ಲಿ ಕೆಲಸ ಮಾಡಬಯಸುವ, ಪದವಿ ದೊರೆತು ಹೆಚ್ಚು ಕಾಲ ಕಳೆದಿರದವರಿಗಾಗಿ ರೂಪಿತವಾದುದು. ಎರಡನೆಯದು ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್. ಇದನ್ನು ಮೊದಲು ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ನೀಡುತ್ತಿತ್ತು. 2023ರ ಕಾಯ್ದೆಯಂತೆ ರಚಿತವಾದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಆ ಮಂಡಳಿ ವಿಲೀನಗೊಂಡಿದೆ. ಹಳೆಯ ಹೆಸರಿನಲ್ಲಿ ಹುಡುಕುವವರು ಇದನ್ನು ಗಮನಿಸಬೇಕು. ಜೈವಿಕ ತಂತ್ರಜ್ಞಾನ ಇಲಾಖೆಯ ರಿಸರ್ಚ್ ಅಸೋಸಿಯೇಟ್‌ಶಿಪ್ ಮೂರನೆಯದು. ಇದಲ್ಲದೆ 2008ರಲ್ಲಿ ಆ ಇಲಾಖೆ ಮತ್ತು ವೆಲ್‌ಕಮ್ ಟ್ರಸ್ಟ್ ಸೇರಿ ಸ್ಥಾಪಿಸಿದ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳಿವೆ. ಅಲ್ಲಿ ಸ್ಪರ್ಧೆ ಬಹಳ ಕಠಿಣ.

ವಿದೇಶದ ಪ್ರಕಟಣೆಗಳ ಬಗ್ಗೆ ಎಚ್ಚರಿಕೆ

‘ಜೀರ್ಣಾಂಗ ಮತ್ತು ಯಕೃತ್ತಿನ ರೋಗಗಳಲ್ಲಿ ಪೋಸ್ಟ್ ಡಾಕ್ಟರಲ್ ಸಂಶೋಧಕರಿಗೆ ತರಬೇತಿ’ ಎಂಬ ಶೀರ್ಷಿಕೆಯ ಪ್ರಕಟಣೆಗಳು ಅಮೆರಿಕದ ವಿಶ್ವವಿದ್ಯಾಲಯಗಳಿಂದ ಹೆಚ್ಚಾಗಿ ಬರುತ್ತವೆ. ಇವುಗಳಲ್ಲಿ ಅನೇಕವು ಅಲ್ಲಿನ ಮಧುಮೇಹ, ಜೀರ್ಣಾಂಗ ಹಾಗೂ ಮೂತ್ರಪಿಂಡ ರೋಗಗಳ ರಾಷ್ಟ್ರೀಯ ಸಂಸ್ಥೆಯು ‘ಟಿ-32’ ಎಂಬ ತರಬೇತಿ ಅನುದಾನದ ಮೂಲಕ ನಡೆಸುವ ಕಾರ್ಯಕ್ರಮಗಳು. ಇಲ್ಲಿ ಹಣವು ವ್ಯಕ್ತಿಗಲ್ಲ, ಸಂಸ್ಥೆಗೆ ಮಂಜೂರಾಗುತ್ತದೆ. ಸಂಸ್ಥೆಯು ಅಭ್ಯರ್ಥಿಗಳನ್ನು ಆರಿಸಿ, ವೈದ್ಯರು ಮತ್ತು ಪ್ರಯೋಗಾಲಯದ ವಿಜ್ಞಾನಿಗಳು ಒಂದೇ ಕಡೆ ಕಲಿಯುವ ವ್ಯವಸ್ಥೆ ಮಾಡುತ್ತದೆ. ವ್ಯವಸ್ಥೆ ಉತ್ತಮವಾದುದೇ. ಆದರೆ 1974ರ ಅಲ್ಲಿನ ಕಾಯ್ದೆಯಿಂದ ಬಂದ ಈ ಅನುದಾನದ ಸ್ಥಾನಗಳು ಅಮೆರಿಕದ ಪ್ರಜೆಗಳಿಗೆ ಹಾಗೂ ಅಲ್ಲಿ ಕಾಯಂ ವಾಸದ ಹಕ್ಕು ಪಡೆದವರಿಗೆ ಮಾತ್ರ ಮೀಸಲು. ಭಾರತದಿಂದ ತಾತ್ಕಾಲಿಕ ವೀಸಾದ ಮೇಲೆ ಹೋಗುವವರು ಅರ್ಹರಲ್ಲ. ಪ್ರಕಟಣೆಯ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಈ ಷರತ್ತನ್ನು ಓದದೆ ಅರ್ಜಿ, ಶಿಫಾರಸು ಪತ್ರ, ಅಂಕಪಟ್ಟಿಗಳ ದೃಢೀಕರಣಕ್ಕೆ ತಿಂಗಳುಗಳನ್ನು ಕಳೆಯುವುದು ವ್ಯರ್ಥ.

ಅದೇ ವಿಶ್ವವಿದ್ಯಾಲಯದ ಅದೇ ಪ್ರಯೋಗಾಲಯದಲ್ಲಿ ಪ್ರಾಧ್ಯಾಪಕರ ಸ್ವಂತ ಸಂಶೋಧನಾ ಅನುದಾನದಿಂದ ನೇಮಕವಾಗುವ ಸ್ಥಾನಗಳಿಗೆ ಈ ನಿರ್ಬಂಧವಿಲ್ಲ. ಆದುದರಿಂದ ಪ್ರಾಧ್ಯಾಪಕರಿಗೆ ಪತ್ರ ಬರೆಯುವಾಗ ಸ್ಥಾನಕ್ಕೆ ಹಣ ಯಾವ ಮೂಲದಿಂದ ಬರುತ್ತದೆ ಎಂದು ನೇರವಾಗಿ ಕೇಳಬಹುದು. ಅದು ಅವಿನಯವಲ್ಲ. ಸೀಟು ಕೊಡಿಸುವುದಾಗಿ ಶುಲ್ಕ ಕೇಳುವ ಮಧ್ಯವರ್ತಿಗಳಿಗೆ ಯಾವ ಕಾರಣಕ್ಕೂ ಹಣ ನೀಡಬಾರದು. ಫೆಲೋಶಿಪ್ ಎಂದರೆ ಸಂಸ್ಥೆಯು ಸಂಶೋಧಕರಿಗೆ ಹಣ ಕೊಡುವ ವ್ಯವಸ್ಥೆ, ಪಡೆಯುವ ವ್ಯವಸ್ಥೆಯಲ್ಲ.

ವಯೋಮಿತಿ ಮತ್ತು ದಾಖಲೆಗಳು

ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗೆ ಸಾಮಾನ್ಯ ವಯೋಮಿತಿ 35 ವರ್ಷ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರೆ ಹಿಂದುಳಿದ ವರ್ಗ, ಅಂಗವಿಕಲರು ಹಾಗೂ ಮಹಿಳೆಯರಿಗೆ 5 ವರ್ಷ ಸಡಿಲಿಕೆ ಇದೆ. ಲೆಕ್ಕ ಸರಳ. 18ಕ್ಕೆ ಪಿ.ಯು.ಸಿ., 21ಕ್ಕೆ ಬಿ.ಎಸ್ಸಿ., 23ಕ್ಕೆ ಎಂ.ಎಸ್ಸಿ. ಮುಗಿಸಿ, ಅರ್ಹತಾ ಪರೀಕ್ಷೆಗಳಿಗೆ ಎರಡು ವರ್ಷ, ಪಿಎಚ್.ಡಿ.ಗೆ ಆರು ವರ್ಷ ಎಂದು ಹಿಡಿದರೆ 31 ಆಗುತ್ತದೆ. ಉಳಿಯುವುದು ನಾಲ್ಕು ವರ್ಷ. ಅಧಿಸೂಚನೆ ಪ್ರತಿ ತಿಂಗಳು ಬರುವುದಿಲ್ಲ. ಒಂದು ಪ್ರಮಾಣಪತ್ರದ ಕೊರತೆಯಿಂದ ಒಂದು ಅವಕಾಶ ತಪ್ಪಿದರೆ ಆ ನಾಲ್ಕರಲ್ಲಿ ಒಂದು ವರ್ಷ ಹೋದಂತೆಯೇ. ಪ್ರಬಂಧ ಸಲ್ಲಿಸಿ ಪದವಿಗಾಗಿ ಕಾಯುತ್ತಿರುವವರಿಗೂ ಕೆಲವು ಯೋಜನೆಗಳಲ್ಲಿ ಅರ್ಜಿ ಸಲ್ಲಿಸುವ ಅವಕಾಶ ಇರುವುದರಿಂದ, ಘಟಿಕೋತ್ಸವದವರೆಗೆ ಕಾಯುವ ಅಗತ್ಯವಿಲ್ಲ.

ಮೀಸಲಾತಿಯ ಸಡಿಲಿಕೆ ಕೋರುವವರು ಹೆಚ್ಚಾಗಿ ಎಡವುವುದು ಒಂದು ವಿಷಯದಲ್ಲಿ. ಇವು ಕೇಂದ್ರದ ಯೋಜನೆಗಳು. ರಾಜ್ಯದ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಪ್ರಮಾಣಪತ್ರಗಳು ಇಲ್ಲಿ ನಡೆಯುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ತಮ್ಮ ಜಾತಿ ಇದೆಯೇ ಎಂದು ಮೊದಲು ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲಿಯೇ ತಹಶೀಲ್ದಾರರಿಂದ ಪ್ರಮಾಣಪತ್ರ ಪಡೆಯಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಕೆನೆಪದರದ ಆದಾಯ ಮಿತಿ 2017ರಿಂದ ವಾರ್ಷಿಕ 8 ಲಕ್ಷ ರೂಪಾಯಿ. ಈ ಆದಾಯ ಪರೀಕ್ಷೆಯಲ್ಲಿ ತಂದೆ-ತಾಯಿಯ ವೇತನ ಮತ್ತು ಕೃಷಿ ಆದಾಯವನ್ನು ಸೇರಿಸುವುದಿಲ್ಲ. ಆದರೆ ಅವರ ಹುದ್ದೆ ಮತ್ತು ನೀರಾವರಿ ಜಮೀನಿನ ಹಿಡುವಳಿಗೆ ಬೇರೆ ನಿಯಮಗಳಿವೆ. ಕಬ್ಬಿನ ಬಿಲ್ಲಿನ ಮೊತ್ತವನ್ನು ಕಂಡು ತಾವೇ ಅನರ್ಹರೆಂದು ಭಾವಿಸಿ ಸುಮ್ಮನಾಗುವ ಕುಟುಂಬಗಳು ಇದನ್ನು ತಿಳಿದಿರಬೇಕು. ನಾಡಕಚೇರಿಗಳಲ್ಲಿ ಪ್ರಮಾಣಪತ್ರ ಸೇವೆಗಳಿಗೆ ಸಕಾಲ ಕಾಯ್ದೆಯಡಿ ಕಾಲಮಿತಿ ನಿಗದಿಯಾಗಿದೆ. ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆದುಕೊಳ್ಳಬೇಕು. ನೆರೆಯ ಕೊಪ್ಪಳ, ರಾಯಚೂರು ಜಿಲ್ಲೆಗಳಿಗೆ ಅನ್ವಯವಾಗುವ ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ಬಾಗಲಕೋಟೆ ಜಿಲ್ಲೆಗೆ ಇಲ್ಲ. ಈ ಫೆಲೋಶಿಪ್‌ಗಳಲ್ಲಿ ಅದರ ಪ್ರಶ್ನೆಯೂ ಬರುವುದಿಲ್ಲ.

ಜಿಲ್ಲೆ ಮತ್ತು ತಾಲ್ಲೂಕಿನ ಹೆಸರಿನ ತೊಡಕು ಈ ಭಾಗಕ್ಕೇ ವಿಶೇಷವಾದುದು. ಬಾಗಲಕೋಟೆ ಜಿಲ್ಲೆ ರಚನೆಯಾದುದು 1997ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರ ಜನನ ಪ್ರಮಾಣಪತ್ರದಲ್ಲಿ ಬಿಜಾಪುರ ಜಿಲ್ಲೆ ಎಂದೇ ಇರುತ್ತದೆ. ಬಿಜಾಪುರವು 2014ರ ನವೆಂಬರ್ 1ರಂದು ವಿಜಯಪುರವಾಯಿತು. ರಬಕವಿ-ಬನಹಟ್ಟಿ ಪ್ರತ್ಯೇಕ ತಾಲ್ಲೂಕಾಗಿ ಕಾರ್ಯಾರಂಭ ಮಾಡಿದುದು 2018ರಲ್ಲಿ, ಅಲ್ಲಿನವರ ಎಸ್.ಎಸ್.ಎಲ್.ಸಿ. ದಾಖಲೆಗಳಲ್ಲಿ ಜಮಖಂಡಿ ತಾಲ್ಲೂಕು ಎಂದಿರುತ್ತದೆ. ಆಲಮಟ್ಟಿ ಹಿನ್ನೀರಿನಿಂದ ಸ್ಥಳಾಂತರಗೊಂಡ ಬೀಳಗಿ ಭಾಗದ ಕುಟುಂಬಗಳಿಗೆ ಹುಟ್ಟಿದ ಊರು ಒಂದು, ವಾಸದ ಪುನರ್ವಸತಿ ಕೇಂದ್ರ ಇನ್ನೊಂದು. ಇದನ್ನು ಬಲ್ಲವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಆದರೆ ದೆಹಲಿಯಲ್ಲಿ ಕುಳಿತು ಅರ್ಜಿ ಪರಿಶೀಲಿಸುವವರಿಗೆ ಒಬ್ಬರೇ ಅರ್ಜಿದಾರರು ಮೂರು ಜಿಲ್ಲೆಗಳವರಂತೆ ಕಾಣುತ್ತಾರೆ. ಹಳೆಯ ದಾಖಲೆಯನ್ನು ತಿದ್ದಿಸಲು ಓಡಾಡುವ ಅಗತ್ಯವಿಲ್ಲ. ದಾಖಲೆಯಲ್ಲಿ ಇದ್ದಂತೆಯೇ ಹುಟ್ಟಿದ ಸ್ಥಳವನ್ನು ಬರೆದು, ಇಂದಿನ ವಿಳಾಸವನ್ನು ಇಂದಿನ ಹೆಸರಿನಲ್ಲಿ ಬರೆದು, ಜಿಲ್ಲೆ ಮತ್ತು ತಾಲ್ಲೂಕು ಬದಲಾದ ವರ್ಷಗಳನ್ನು ತಿಳಿಸುವ ಎರಡು ಸಾಲಿನ ವಿವರಣೆಯನ್ನು ಲಗತ್ತಿಸುವುದು ಸೂಕ್ತ.

ಹೆಸರಿನ ಕಾಗುಣಿತದಲ್ಲಿ ಮಾತ್ರ ಇಂತಹ ರಿಯಾಯಿತಿ ನಿರೀಕ್ಷಿಸಬಾರದು. ಶಾಲೆಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪಿಎಚ್.ಡಿ. ಪದವಿಪತ್ರದಲ್ಲಿ ಇನಿಷಿಯಲ್ ಮಾತ್ರ ಎಂದಿದ್ದರೆ ಬ್ಯಾಂಕ್ ಖಾತೆಗೆ ಹಣ ಜಮಾ ಆಗುವ ಹಂತದಲ್ಲಿ ತೊಂದರೆಯಾಗುತ್ತದೆ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲೇ ಹೆಸರನ್ನು ಒಂದೇ ಕ್ರಮಕ್ಕೆ ತಂದುಕೊಳ್ಳಬೇಕು. ಪ್ರಕಟಿತ ಲೇಖನಗಳಲ್ಲಿಯೂ ಅದೇ ಕ್ರಮವಿರಲಿ.

ಶಿಷ್ಯವೇತನ ಮತ್ತು ಲೆಕ್ಕಪತ್ರ

ಕೇಂದ್ರದ ವಿಜ್ಞಾನ ಇಲಾಖೆಗಳ ಯೋಜನೆಗಳಲ್ಲಿ ರಿಸರ್ಚ್ ಅಸೋಸಿಯೇಟ್‌ಗಳ ಶಿಷ್ಯವೇತನವನ್ನು 2023ರ ಜನವರಿ 1ರಿಂದ ಪರಿಷ್ಕರಿಸಲಾಯಿತು. ಆ ಪರಿಷ್ಕರಣೆಯಂತೆ ಮೊದಲ ಶ್ರೇಣಿಗೆ ತಿಂಗಳಿಗೆ 58,000, ಎರಡನೆಯದಕ್ಕೆ 61,000, ಮೂರನೆಯದಕ್ಕೆ 67,000 ರೂಪಾಯಿ. ಅದಕ್ಕೂ ಮೊದಲು ಇದು ಕ್ರಮವಾಗಿ 47,000, 49,000 ಮತ್ತು 54,000 ಆಗಿತ್ತು. ಸಂಸ್ಥೆಯಲ್ಲಿ ವಸತಿ ಸಿಗದವರಿಗೆ ನಗರದ ವರ್ಗೀಕರಣದಂತೆ ಮನೆ ಬಾಡಿಗೆ ಭತ್ಯೆ ಸೇರುತ್ತದೆ. ಪ್ರತ್ಯೇಕ ಫೆಲೋಶಿಪ್‌ಗಳಿಗೆ ಪ್ರತ್ಯೇಕ ದರಗಳಿದ್ದು, ಆಯಾ ವರ್ಷದ ಅಧಿಸೂಚನೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಎಂ.ಡಿ. ವೈದ್ಯರು ಖಾಸಗಿ ವೃತ್ತಿಯಲ್ಲಿ ಗಳಿಸಬಹುದಾದುದಕ್ಕೆ ಇದು ಸಮವಲ್ಲ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ.

ಶಿಷ್ಯವೇತನವು ವೇತನವಲ್ಲ. ಇದಕ್ಕೆ ಪಿಂಚಣಿಯಾಗಲಿ, ಅವಧಿ ಮುಗಿದ ಮೇಲೆ ಕಾಯಂ ಹುದ್ದೆಯ ಹಕ್ಕಾಗಲಿ ಇಲ್ಲ. ಹಣವು ಆತಿಥೇಯ ಸಂಸ್ಥೆಗೆ ಬಿಡುಗಡೆಯಾಗಿ, ಅಲ್ಲಿಂದ ಫೆಲೋಗೆ ಬರುತ್ತದೆ. ಮೊದಲ ಕಂತು ಸೇರಿದ ದಿನವೇ ಬರುವುದಿಲ್ಲ. ಮಗ್ಗದ ಆದಾಯದ ಮೇಲೆ ನಡೆಯುವ ಮನೆಯಿಂದ ಬೆಂಗಳೂರಿಗೋ ಪುಣೆಗೋ ಹೋಗುವವರು ಮೂರು ನಾಲ್ಕು ತಿಂಗಳ ಬಾಡಿಗೆ ಮತ್ತು ಊಟದ ಖರ್ಚನ್ನು ಮೊದಲೇ ಹೊಂದಿಸಿಕೊಂಡು ಹೋಗುವುದು ವಿವೇಕ. ಇಂತಹ ಕಾರಣಕ್ಕೆ ತರಬೇತಿಯನ್ನು ಅರ್ಧಕ್ಕೆ ಬಿಡುವಂತಾಗಬಾರದು. ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ದೊರೆಯುತ್ತದೆ.

ಸಂಶೋಧನಾ ವೆಚ್ಚದ ಅನುದಾನವು ಬೇರೆ ಶೀರ್ಷಿಕೆಯಡಿ ಬರುತ್ತದೆ. ರಾಸಾಯನಿಕ, ಪರೀಕ್ಷಾ ಕಿಟ್, ಪ್ರಯಾಣ ಇವುಗಳಿಗೆ ಮಂಜೂರಾದ ಹಣವನ್ನು ಮಂಜೂರಾತಿ ಆದೇಶದಲ್ಲಿರುವ ಶೀರ್ಷಿಕೆಯಡಿಯಲ್ಲಿಯೇ ಖರ್ಚು ಮಾಡತಕ್ಕದ್ದು. ವರ್ಷಾಂತ್ಯದಲ್ಲಿ ಖರ್ಚಿನ ವಿವರ ಪಟ್ಟಿ ಹಾಗೂ ಹಣ ಬಳಕೆ ಪ್ರಮಾಣಪತ್ರವನ್ನು ಸಂಸ್ಥೆಯ ಲೆಕ್ಕಪತ್ರ ಅಧಿಕಾರಿಯ ಸಹಿಯೊಂದಿಗೆ ಸಲ್ಲಿಸದ ಹೊರತು ಮುಂದಿನ ಕಂತು ಬಿಡುಗಡೆಯಾಗುವುದಿಲ್ಲ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಫೆಲೋಶಿಪ್‌ನ ವರ್ಷ ಸೇರಿದ ದಿನಾಂಕದಿಂದ ಎಣಿಕೆಯಾಗುತ್ತದೆ. ಇವೆರಡನ್ನೂ ಒಂದೇ ಎಂದು ಭಾವಿಸಿದವರ ಕಡತಗಳು ಹಿಂದಕ್ಕೆ ಬರುತ್ತವೆ. ಮೊದಲ ಬಿಲ್ಲಿನಿಂದಲೇ ಒಂದು ಸ್ವಂತ ನೋಂದಣಿ ಪುಸ್ತಕವನ್ನಿಟ್ಟು, ದಿನಾಂಕ, ಬಿಲ್ ಸಂಖ್ಯೆ, ಶೀರ್ಷಿಕೆ, ಮೊತ್ತ ಮತ್ತು ಉಳಿಕೆಯನ್ನು ಬರೆದುಕೊಂಡು, ತಿಂಗಳಿಗೊಮ್ಮೆ ಸಂಸ್ಥೆಯ ಲೆಕ್ಕಪತ್ರ ಶಾಖೆಯ ಅಂಕಿಗಳೊಂದಿಗೆ ತಾಳೆ ನೋಡಿಕೊಳ್ಳಬೇಕು.